ಗೇಣುದ್ದ ನೆರಳು

ಸುಡಗಲ್ಲು ಊರಿನ ಬಿಸಿಲೆಂದರೆ ಹಾರುವ ಕಾಗೆ ನೆಲಕ್ಕೆ ಬೀಳುವುದರೊಳಗೆ ಬೂದಿ! ಅದಕ್ಕೇ ಸಂಬಳದ ದಿನ ನಗರಸಭೆ ಪ್ರತಿ ನೌಕರನ ನೆರಳಿನಲ್ಲಿ ಗೇಣುದ್ದ ತಾನೇ ಕತ್ತರಿಸಿ ನೌಕರರ ಸಂಘಕ್ಕೆ ಕೊಡುತ್ತಿತ್ತು. ಸಂಘ ಅದನ್ನೆಲ್ಲ ಹೊಲಿದು ಚಪ್ಪರ ಹಾಕುತ್ತಿತ್ತು. ಬೀದಿ ಗುಡಿಸುವ ನಲವತ್ತು ಮಂದಿ ಮಧ್ಯಾಹ್ನ ಅದರಡಿ ಜೀವ ಉಳಿಸಿಕೊಳ್ಳುತ್ತಿದ್ದರು.

ಗುಮಾಸ್ತ ಹನುಮೇಶಿ, "ನನ್ನ ನೆರಳು ನನ್ನಿಷ್ಟ" ಎಂದು ಕೋರ್ಟಿಗೆ ಹೋಗಿ ಆ ಕಡಿತ ನಿಲ್ಲಿಸಿದ. ಇನ್ನು ಕೊಡುವವರು ತಾವೇ ಬಂದು ಕೊಡಬೇಕು.

ಹಳೆಯ ಚಪ್ಪರ ಜರಡಿಯಾಗಿತ್ತು. ಒಂದೇ ಉಸಿರಿಗೆ ಇಡೀ ಊರು ಗುಡಿಸಬಲ್ಲ ಸಂಘದ ಕಾರ್ಯದರ್ಶಿ ನೀಲಗಂಗಮ್ಮ ಸಂಬಳದ ದಿನ ಬೆಳಗಿನಿಂದ ಕತ್ತರಿ ಹಿಡಿದು ಕೂತರೂ ಒಂದು ನೊಣವೂ ಸುಳಿಯಲಿಲ್ಲ. ಯಾರನ್ನೂ ಏನನ್ನೂ ಕೇಳಿ ಅವಳಿಗೆ ರೂಢಿಯೇ ಇರಲಿಲ್ಲ. ಹನ್ನೊಂದು ಗಂಟೆಗೆ ಎದ್ದವಳೇ ನೇರ ಹನುಮೇಶಿಯ ಮೇಜಿಗೆ ಹೋದಳು.

"ಬೈಯಾಕ ಬಂದೀರೇನ್ ನೀಲಗಂಗಕ್ಕ?"

"ಬೈಗುಳ ನಾಳೆಗೆ ಇಟ್ಟೀನಿ. ಇವತ್ತು ಕೇಳಾಕ ಬಂದೀನಪಾ. ಒಂದ್ ಗೇಣು ನೆರಳು ಕೊಡು. ನಮ್ಮ ಮಂದಿ ಸಾಯ್ತಾರ."

ಹನುಮೇಶಿ ಪೆನ್ನು ಕೆಳಗಿಟ್ಟ. "ಹನ್ನೊಂದು ವರ್ಷ ಕತ್ತರಿಸ್ಕೊಂಡ್ರಿ. ಒಂದ್ಸಲನಾದ್ರೂ ಹಿಂಗ ಕೇಳಿದ್ರೇನು?"

"ಇಲ್ಲ. ತಪ್ಪಾತು."

ಅವನು ಅಂಗಳದ ಬಿಸಿಲಿಗೆ ಹೋಗಿ ನಿಂತ. "ಗೇಣು ಯಾಕ, ಮೊಳ ತಗೊಳ್ರಿ. ಬರೋ ತಿಂಗಳೂ ಕೇಳ್ಬೇಕು, ಮತ್ತ!"

ಕಿಟಕಿಯಲ್ಲಿ ಇಣುಕುತ್ತಿದ್ದ ಕಚೇರಿಯವರೆಲ್ಲ ಒಬ್ಬೊಬ್ಬರಾಗಿ ಇಳಿದು ಬಂದು ಸಾಲು ನಿಂತರು.

ಆ ಮಧ್ಯಾಹ್ನ ಹೊಸ ಚಪ್ಪರದಡಿ ನಲವತ್ತು ಮಂದಿ ಹೊಡೆದ ಗೊರಕೆಗೆ ಪಕ್ಕದ ಜಿಲ್ಲೆಯ ಕಿಟಕಿ ಗಾಜುಗಳು ಅದುರಿದವು.