ನಾಲ್ಕರ ಮೇಲಿನ ಅರಗು

“ಈ ಮೀಟರಿನ ಮಣ್ಣಾಗ ಹಾಕ!” ಮಂಜಪ್ಪ ಬಾನೆಟ್ಟಿನ ಮೇಲೆ ಗುದ್ದಿದ. “ಎಂಜಿನ್ ಆರಾಮ ತಿರಗಾಕತ್ತೈತಿ, ಮುಳ್ಳು ನೋಡಿದ್ರ ಕೆಂಪು ಗೆರಿ ಮುಟ್ಟೈತಿ. ಕಿತ್ತು ಒಗೀರಿ ಮಿಸ್ತ್ರಿ.”

ಎಂಬತ್ತನಾಲ್ಕನೇ ಇಸವಿಯ ನಾಗರ ಪಂಚಮಿಯ ಹಿಂದಿನ ದಿನ. ಮಂಜಪ್ಪ ತನ್ನ ಅತ್ತಿಗೆ ಅನ್ನವ್ವನನ್ನು ತಡಸದಿಂದ ಚಿಕ್ಕೇರೂರಿನ ತವರಿಗೆ ಬಿಡಲು ಹೊರಟವನು ಶಿಗ್ಗಾಂವದಲ್ಲಿ ಸಿರಾಜುದ್ದೀನನ ಗ್ಯಾರೇಜಿಗೆ ಕಾರು ತಿರುಗಿಸಿದ್ದ. ಅದು ಅವನ ತೀರಿಹೋದ ಅಣ್ಣ, ಅನ್ನವ್ವನ ಗಂಡ ಹೊಳಬಸಪ್ಪನದು. ಹಳೆಯ ಜೀಪಿನ ಚಾಸಿ, ಯಾವುದೋ ಗುಜರಿಯ ಆರು ಸಿಲಿಂಡರಿನ ಎಂಜಿನ್, ಅವನೇ ಬಡಿದು ಕೂಡಿಸಿದ ಬಾಡಿ. ಎಂಜಿನ್ನಿನ ಸುತ್ತು ತೋರಿಸುವ, ಸುತ್ತು ಮಿತಿ ಮೀರಿದರೆ ಮುಳ್ಳು ಕೆಂಪು ಗೆರೆಗೆ ಏರುವ ಕರೆಂಟಿನ ಮೀಟರನ್ನೂ ಅವನೇ ಹಚ್ಚಿದ್ದ. ಆದರೆ ಎತ್ತಿನ ಗಾಡಿ ಹಿಂದೆ ಹಾಕಿ ಹೋಗುವಷ್ಟು ನಿಧಾನ ಓಡಿಸುತ್ತಿದ್ದ, ಊರೆಲ್ಲ ನಗುತ್ತಿತ್ತು.

ಸಿರಾಜುದ್ದೀನ ಅರ್ಥ್ ವೈರು ತಿಕ್ಕಿದ, ಕಾಯಿಲಿನ ವೈರು ಬದಲಿಸಿದ. ಮುಳ್ಳು ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಕೊನೆಗೆ ಮೀಟರನ್ನೇ ಬಿಚ್ಚಿ ಹಿಂಬದಿಯ ಪುಟ್ಟ ಸ್ವಿಚ್ಚಿನ ಮೇಲೆ ಗಟ್ಟಿಯಾಗಿ ಅಂಟಿದ್ದುದನ್ನು ಸ್ಕ್ರೂಡ್ರೈವರಿನಿಂದ ಕೆರೆದ. “ಸಿಕ್ತು. ನಾಲ್ಕು, ಆರು, ಎಂಟು, ಎಷ್ಟು ಸಿಲಿಂಡರೋ ಅದಕ್ಕ ತಿರುವಬೇಕು. ಎಂಜಿನ್ ಆರರದು, ಇದು ನಾಲ್ಕಕ್ಕ ಐತಿ. ಅದಕ್ಕ ಒಂದಕ್ಕ ಒಂದೂವರಿ ತೋರಸ್ತೈತಿ.”

ಮಂಜಪ್ಪ ಹೊಟ್ಟೆ ಹಿಡಿದು ನಕ್ಕ. “ನೋಡ್ರಿ ವೈನಿ! ಅಣ್ಣಗ ತನ್ನ ಗಾಡಿ ಸಿಲಿಂಡರ್ ಎಣಸಾಕೂ ಬರಲಿಲ್ಲ!”

ಅನ್ನವ್ವನ ಮುಖ ಸಣ್ಣದಾಯಿತು. ಗಾಡಿಯ ನಿಧಾನ ನೋಡಿ ನಕ್ಕರೆ ನಗಲಿ. ಆದರೆ ಗಂಡನ ಕೈಕೆಲಸಕ್ಕೆ ಇದುವರೆಗೆ ಯಾರೂ ಹೆಸರಿಟ್ಟಿರಲಿಲ್ಲ. ಅವನು ಹೋದ ಮೇಲೆ ಆ ಮರ್ಯಾದೆಯೂ ಹೋಗುತ್ತದಲ್ಲ ಎನಿಸಿತು.

“ನಗಬ್ಯಾಡೋ,” ಎಂದ ಸಿರಾಜುದ್ದೀನ, ಕೆರೆದ ಚೂರನ್ನು ಬೆಳಕಿಗೆ ಹಿಡಿದು. “ಇದು ಅರಗು. ಸ್ವಿಚ್ಚು ಸರೀಬಾರದು ಅಂತ ಹೊಳಬಸಪ್ಪ ಕಾಸಿ ಬಿಟ್ಟಾನ. ಆ ಎಂಜಿನ್ ಕುಂದರಸುವಾಗ ನಾನೂ ಹಗ್ಗಾ ಹಿಡದಿದ್ದೆ. ಸಿಲಿಂಡರಿಗೊಂದು ಅಂತ ಆರೂ ಪ್ಲಗ್ಗು ಅವನ ಕೈಯಾರೆ ಹಾಕಿದ. ತಪ್ಪಿ ಅಲ್ಲ, ತಿಳದ ಮಾಡ್ಯಾನ್ರಿ ಅಕ್ಕಾರ. ಯಾಕ ಅನ್ನೂದು ನನಗ ತಿಳೀವಲ್ದು.”

ಅನ್ನವ್ವನಿಗೆ ತಿಳಿಯಿತು. ಹದಿನಾರು ಮಂದಿಯ ಮನೆ. ಅತ್ತೆಯ ಮುಂದೆ ಗಂಡ ಹೆಂಡತಿ ಮಾತಾಡುವಂತಿರಲಿಲ್ಲ. ಇಡೀ ದಿನಕ್ಕೆ “ಊಟಕ್ಕ ಏಳ್ರಿ” ಎಂದರೆ ಮುಗಿಯಿತು. ಪಂಚಮಿಗೆ ಕರೆಯಲು ತವರಿನಿಂದ ಅಣ್ಣ ಬರುವುದು ರೂಢಿ. ಹೊಳಬಸಪ್ಪ ಮಾತ್ರ “ನಾನ ಬಿಟ್ಟು ಬರ್ತೇನಿ” ಎಂದು ಹಟ ಹಿಡಿಯುತ್ತಿದ್ದ. ಹಾನಗಲ್ಲಿನ ರಸ್ತೆ ಹಿಡಿದದ್ದೇ ತಡ, “ಮುಳ್ಳು ಕೆಂಪಿಗೆ ಬಂತು ನೋಡು, ಸಾವಕಾಶ ಹೋಗೂಣು. ಹೂಂ, ಮತ್ತೇನು ಹೇಳು,” ಎನ್ನುತ್ತಿದ್ದ. ಎರಡು ತಾಸಿನ ಹಾದಿಗೆ ನಾಲ್ಕು ತಾಸು. ವರ್ಷದ ಮಾತೆಲ್ಲ ಆ ನಾಲ್ಕು ತಾಸಿನಲ್ಲಿ. “ಎಂಥಾ ಗಾಡಿ ಕಟ್ಟೀರಿ, ಓಡಂಗಿಲ್ಲ ಹಾರಂಗಿಲ್ಲ,” ಎಂದು ಅವಳೇ ಎಷ್ಟು ಸಲ ಬೈದಿದ್ದಳು! ಅವನು ಮುಳ್ಳು ನೋಡುತ್ತ ಸುಮ್ಮನೆ ನಗುತ್ತಿದ್ದ.

“ಆರಕ್ಕ ತಿರುವ್ಲೇನ್ರಿ ಅಕ್ಕಾರ? ಒಂದ ನಿಮಿಷದ ಕೆಲಸ.”

“ಅದನ್ನೇನು ಕೇಳ್ತೀರಿ, ತಿರುವ್ರಿ,” ಎಂದ ಮಂಜಪ್ಪ.

ಅನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸುತ್ತಲೇ ನಗು ಬಂತು.

“ಬ್ಯಾಡ್ರಿ ಅಣ್ಣಾರ,” ಎಂದಳು. “ನಿಮ್ಮಲ್ಲಿ ಒಂದೀಟು ಅರಗು ಐತೇನ್ರಿ?”