ವನಮಾಲಾ ಅವರ ಚಟ್ನಿಪುಡಿ

ಕೆರಿಬಿಯನ್ ಸಮುದ್ರದ ಮೇಲೆ ಐದನೆಯ ದಿನ. ಹುಬ್ಬಳ್ಳಿಯ ಪ್ರವಾಸಿ ತಂಡದವರೆಲ್ಲ ಹಡಗಿನಲ್ಲಿ ಒಂದೇ ಮೇಜಿಗೆ ಊಟಕ್ಕೆ ಕುಳಿತಿದ್ದರು. ಸುವರ್ಣಾಳ ಗಂಡ, ಸಹಪ್ರವಾಸಿ ವನಮಾಲಾ ಬಟ್ಟಲಿನಲ್ಲಿ ಹಾಕಿಕೊಟ್ಟ ಶೇಂಗಾ ಚಟ್ನಿಪುಡಿಯನ್ನು ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿಂದು ಬೆರಳು ನೆಕ್ಕಿದ.

"ವನಮಾಲಾ ಅವ್ರ, ಚಟ್ನಿ ಅಂದ್ರ ಇದು ನೋಡ್ರಿ!"

ದಿನಾ ಇದೇ ಹೊಗಳಿಕೆ. ಇಪ್ಪತ್ತೆಂಟು ವರ್ಷ ಚಟ್ನಿ ಕುಟ್ಟಿ ಹಾಕಿದ ಹೆಂಡತಿಗೆ ಮಾತ್ರ ಒಂದು ಒಳ್ಳೆಯ ಮಾತಿಲ್ಲ. ಹಡಗು ಹತ್ತುವ ಗಡಿಬಿಡಿಯಲ್ಲಿ ಅವಳ ಚಟ್ನಿ ಡಬ್ಬಿ ಕಳೆದಾಗ "ಪೀಡಾ ಹೋತು ಬಿಡು" ಅಂದಿದ್ದ ಇದೇ ಮಹಾರಾಯ. ಹೊಟ್ಟೆಕಿಚ್ಚಿಗೆ ಸುವರ್ಣಾ ವನಮಾಲಾಳ ಚಟ್ನಿಯನ್ನು ಬೆರಳಿನಿಂದಲೂ ಮುಟ್ಟಿರಲಿಲ್ಲ.

"ಹೆಂಗ ಮಾಡೋದು ಅಂತ ಇಕಿಗೂ ಸ್ವಲ್ಪ ಕಲಿಸ್ರಿ" ಎಂದ ಗಂಡ.

ಸುವರ್ಣಾಳಿಗೆ ಮೈಯೆಲ್ಲ ಉರಿಯಿತು. "ಹೇಳ್ರಿ ವನಮಾಲಾ, ಏನೇನ ಹಾಕೀರಿ?"

ವನಮಾಲಾ ತಲೆ ತಗ್ಗಿಸಿದಳು. "ನಾ ಎಲ್ಲಿ ಮಾಡೀನ್ರಿ? ಎಲ್ಲಾರ ತಿಂಡಿ ಇಟ್ಟಿದ್ದ ಚೀಲದಾಗ ಸಿಕ್ತು. ಸಾಹೇಬ್ರು ಅಷ್ಟು ಹೊಗಳಾಕತ್ತಿದ್ರಲ್ಲ, ಹೇಳಾಕ ಬಾಯಿ ಬರಲಿಲ್ಲ."

ಕಾಲ ಬಳಿಯ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

ಸುವರ್ಣಾ ಮುಚ್ಚಳ ಬಿಗಿ ಮಾಡಿ, ಡಬ್ಬಿಯನ್ನು ಬೋರಲು ಹಾಕಿ ಗಂಡನ ತಟ್ಟೆಯ ಮುಂದಿಟ್ಟಳು. ತಳದಲ್ಲಿ, ಮದುವೆಗೆ ತವರಿನವರು ಕೆತ್ತಿಸಿಕೊಟ್ಟ ಚುಕ್ಕೆಚುಕ್ಕೆ ಅಕ್ಷರಗಳಿದ್ದವು: ಚಿ. ಸೌ. ಸುವರ್ಣಾ.