ಗಾಜಿನ ಕೋಣೆಯ ಕಿವಿ

"ಈ ಕರೆ ಮೂರೇ ನಿಮಿಷಕ್ಕೆ ಮುಗಿದಿದೆ. ಯಾಕೆ?"

ಮ್ಯಾನೇಜರ್ ಪೆನ್ನಿನ ತುದಿಯಿಂದ ಮೇಜು ಕುಟ್ಟಿದ. ಅವಳು ಬೆಪ್ಪಾಗಿ ನಿಂತಳು. ಹೋದ ವಾರ ಇದೇ ಕೋಣೆಯಲ್ಲಿ, ಹನ್ನೊಂದು ನಿಮಿಷ ಯಾಕಾಯಿತು ಎಂದು ಕೇಳಿದವನೂ ಇವನೇ.

"ಸರ್, ನಾಲ್ಕು ನಿಮಿಷದೊಳಗೆ ಮುಗಿಸಬೇಕು ಅಂತ ನಿಯಮ ಇದೆಯಲ್ಲ?"

"ನಿಯಮ ನಂಗೂ ಗೊತ್ತು. ಗ್ರಾಹಕರು ಇನ್ನೂ ಏನೋ ಹೇಳೋದ್ರಲ್ಲಿದ್ರು. ನೀವು ಮಧ್ಯೆ ಬಾಯಿ ಹಾಕಿದ್ರಿ."

ಉದ್ದವಾದರೂ ತಪ್ಪು, ಗಿಡ್ಡವಾದರೂ ತಪ್ಪು. ಅವಳು ತಲೆಯಾಡಿಸಿ ಹೊರಬಂದಳು.

ಅದು ಬಟ್ಟೆ ಒಗೆಯುವ ಮಷಿನ್ ಮಾರುವ ಕಂಪನಿಯ ದೂರು ವಿಭಾಗ. ಹನ್ನೆರಡು ಕುರ್ಚಿ, ಹನ್ನೆರಡು ಹೆಡ್‌ಫೋನ್, ಮೂಲೆಯಲ್ಲೊಂದು ಗಾಜಿನ ಕೋಣೆ. ಎಲ್ಲರ ಕರೆಗಳೂ ರೆಕಾರ್ಡ್ ಆಗುತ್ತಿದ್ದವು. ಯಾವುದನ್ನು ಆಮೇಲೆ ಕೇಳಬೇಕು, ಯಾವುದರ ಲೈನಿಗೆ ಆಗಲೇ ಸೇರಿಕೊಳ್ಳಬೇಕು ಎಂಬುದು ಮ್ಯಾನೇಜರನ ಇಷ್ಟ. ಅವನು ಕೇಳುತ್ತಿದ್ದುದು ಅವಳದ್ದನ್ನು ಮಾತ್ರ. ಪಕ್ಕದ ಸೀಟಿನವಳು ಗ್ರಾಹಕರ ಮೇಲೆ ಹರಿಹಾಯ್ದು ಫೋನ್ ಕುಕ್ಕಿದರೂ ಹೇಳುವವರಿಲ್ಲ, ಕೇಳುವವರಿಲ್ಲ. ಮ್ಯಾನೇಜರನಿಗೆ ಭೂತಗನ್ನಡಿ ಎಂದು ಹೆಸರಿಟ್ಟವಳೂ ಆ ಪಕ್ಕದವಳೇ.

ಇನ್ನೊಂದು ತಿಂಗಳಿಗೆ ಅವಳ ಕೆಲಸ ಕಾಯಂ ಆಗಬೇಕಿತ್ತು. ಅದಕ್ಕೆ ವರದಿ ಬರೆಯಬೇಕಾದವನು ಭೂತಗನ್ನಡಿಯೇ.

"ಬಾಯಿಗೆ ಬೀಗ ಹಾಕ್ಕೊ. ಕಾಯಂ ಆದ್ಮೇಲೆ ತೆಗೆಯೋವಂತೆ," ಎಂದಿದ್ದಳು ಅಮ್ಮ.

ಅವಳು ಹಾಕಿಕೊಂಡಳು. ಆದರೆ ಒಬ್ಬರ ಮುಂದೆ ಮಾತ್ರ ಆ ಬೀಗ ತಾನೇ ಕಳಚಿಕೊಳ್ಳುತ್ತಿತ್ತು. ಗಡಗಡ ಅಜ್ಜ.

ಬೆಳಗ್ಗೆ ಹನ್ನೊಂದೂವರೆಗೆ ಅಜ್ಜನ ಕರೆ ತಪ್ಪುತ್ತಿರಲಿಲ್ಲ. ಅವಳಿಗೇ ಕೊಡಿ ಎಂದು ಹಟ. ಮಷಿನ್ ಗಡಗಡ ಎನ್ನುತ್ತದೆ ಎಂಬುದು ದೂರು. ಮೆಕ್ಯಾನಿಕ್ ಎರಡು ಸಲ ಹೋಗಿ ನೋಡಿ ಬಂದಿದ್ದ. ಏನೂ ಸದ್ದಿಲ್ಲ.

"ಅವನು ಬಂದಾಗ ಸಾಧು ಥರ ಕೂತಿರತ್ತೆ ಕಣಮ್ಮ. ಸೊಕ್ಕು!"

ಕರೆ ರೆಕಾರ್ಡ್ ಆಗುತ್ತದೆ ಎಂದು ಅವಳು ನಿಯಮದಂತೆ ಎಚ್ಚರಿಸಿದರೆ ಅಜ್ಜನ ಉತ್ತರ ಒಂದೇ: "ಆಗ್ಲಿ ಬಿಡು, ಕೇಳೋರು ಕೇಳ್ಲಿ."

ಒಂದು ದಿನ ಭೂತಗನ್ನಡಿಯ ಬೈಗುಳ ತಿಂದು, ಕಣ್ಣೊರೆಸಿಕೊಂಡು ಬಂದು ಅಜ್ಜನ ಕರೆ ಎತ್ತಿದ್ದಳು. "ಧ್ವನಿ ಯಾಕಮ್ಮ ಒದ್ದೆಯಾಗಿದೆ?" ಎಂದರು ಅಜ್ಜ. ಅಷ್ಟೇ, ಕಟ್ಟೆಯೊಡೆಯಿತು. ಅಂದಿನಿಂದ ಮಷಿನಿನ ಮಾತು ಒಂದು ನಿಮಿಷ, ಮ್ಯಾನೇಜರನ ಮಾತು ಹತ್ತು ನಿಮಿಷ.

"ಇವತ್ತೂ ಬೈದ್ನಾ?"

"ಬೈಯದೆ ಇದ್ರೆ ಅವರಿಗೆ ಅನ್ನ ಅರಗಲ್ಲ ಅಜ್ಜ."

"ಅನ್ನ ತಿಂತಾನಾ ಮೊದ್ಲು? ಹೊಟ್ಟೆ ಖಾಲಿ ಇದ್ರೆ ಅಂಥೋರಿಗೆ ಸಿಡುಕು ಜಾಸ್ತಿ."

"ಎಲ್ಲಿ! ಮಧ್ಯಾಹ್ನಕ್ಕೆ ಬರೀ ಬಿಸ್ಕತ್ತು."

"ಪೆದ್ದ," ಎಂದರು ಅಜ್ಜ. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸಂಜೆ ಗಾಜಿನ ಕೋಣೆಯಿಂದ ಬುಲಾವ್ ಬಂತು. "ನಾನು ಮಧ್ಯಾಹ್ನ ಏನು ತಿಂತೀನಿ ಅನ್ನೋದು ಗ್ರಾಹಕರಿಗೆ ಯಾಕೆ?"

ಕಾಯಂ ಇರಲಿ, ನಾಳೆಯ ಕೆಲಸವೇ ಹೋಯಿತು ಎಂದುಕೊಂಡಳು ಅವಳು. ಆದರೆ ಅವನು ಕಿಟಕಿಯ ಕಡೆ ತಿರುಗಿ, "ಹೋಗಿ," ಎಂದ. ಅಷ್ಟೇ. ಮರುದಿನ ಊಟದ ಡಬ್ಬಿ ತಂದು, ಗಾಜಿನಾಚೆ ಎಲ್ಲರಿಗೂ ಕಾಣುವಂತೆ ಕುಳಿತು ಉಂಡ.

"ನಿನ್ನ ಹೊಟ್ಟೆ ಉರಿಸೋಕೆ ತಿಂತಿದ್ದಾನೆ," ಎಂದಳು ಪಕ್ಕದವಳು. ಇರಬಹುದು ಎನ್ನಿಸಿತು ಅವಳಿಗೆ.

ಮುಂದಿನ ಸೋಮವಾರ ಅಜ್ಜನ ಕರೆ ಬರಲಿಲ್ಲ. ಮಂಗಳವಾರವೂ ಇಲ್ಲ. ಭೂತಗನ್ನಡಿಗೆ ಮಾತ್ರ ಅದೇನು ಹಿಡಿಯಿತೋ, ಮೂರು ಸಲ ಅವಳ ಮೇಜಿನ ಬಳಿ ಬಂದ. ಅವಳ ಹೆಡ್‌ಫೋನ್ ಕಿತ್ತುಕೊಂಡು ತನ್ನ ಕಿವಿಗೇ ಇಟ್ಟು ನೋಡಿದ.

"ಲೈನ್ ಸರಿಯಾಗಿದೆ ತಾನೆ? ಯಾರಿಗಾದ್ರೂ ಬೇಜಾರಾಗೋ ಹಾಗೆ ಮಾತಾಡಿದ್ರಾ?"

ಹನ್ನೊಂದು ಜನ ತಿರುಗಿ ನೋಡಿದರು. ಅವಳ ಸಹನೆ ಅಲ್ಲಿಗೆ ಮುಗಿಯಿತು.

ಬುಧವಾರ ಬೆಳಗ್ಗೆ ಬಂದವಳೇ ಮೇಲಧಿಕಾರಿಗೆ ದೂರು ಬರೆಯತೊಡಗಿದಳು. ದಿನವಿಡೀ ದೂರು ಕೇಳಿಸಿಕೊಳ್ಳುವವಳಿಗೆ ದೂರು ಬರೆಯುವುದು ಎಷ್ಟರ ಕೆಲಸ? 'ಹನ್ನೆರಡು ಜನರಲ್ಲಿ ನನ್ನೊಬ್ಬಳ ಬೆನ್ನು ಬಿದ್ದಿದ್ದಾರೆ' ಎಂಬಲ್ಲಿಗೆ ಮುಗಿಸಿದಳು. ಕಳಿಸಬೇಕು, ಅಷ್ಟರಲ್ಲಿ ಕರೆ ಬಂತು.

"ಅಜ್ಜ! ಎಲ್ಲಿ ಹೋಗಿದ್ರಿ ಎರಡು ದಿನ?"

"ಮೆಟ್ಟಿಲ ಮೇಲೆ ಜಾರಿದೆ ಕಣಮ್ಮ. ಕಾಲು ಊದಿ ಕಂಬ ಆಗಿದೆ. ನೆಲಕ್ಕೆ ಊರಬೇಡಿ ಅಂದ್ರು ಡಾಕ್ಟರು. ಊರದೆ ಇದ್ರೆ ನೀರು ಯಾರು ತರ್ತಾರೆ?"

"ನೋಡ್ಕೊಳ್ಳೋಕೆ ಯಾರೂ ಇಲ್ವಾ?"

"ಇದ್ದಾನೆ ಒಬ್ಬ. ಅವನಿಗೆ ಕಿವಿ ಇದೆ, ಬಾಯಿಲ್ಲ. ಆರು ವರ್ಷದ ಹಿಂದೆ ನಾನೊಂದು ಅಂದೆ, ಅವನೊಂದು ಅಂದ. ಇಬ್ಬರಿಗೂ ಹಟ."

"ಯಾರಾದ್ರೂ ಒಬ್ರು ಸೋಲಬೇಕಲ್ಲ ಅಜ್ಜ?"

"ನಾನು ಸೋತು ಎಷ್ಟೋ ತಿಂಗಳಾಯ್ತು. ಇಲ್ದಿದ್ರೆ ಕೆಡದೆ ಇರೋ ಮಷಿನಿಗೆ ದಿನಾ ಯಾರು ಫೋನ್ ಮಾಡ್ತಾರೆ, ಹೇಳು?"

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ತಲೆ ಎತ್ತಿದಳು. ಗಾಜಿನ ಕೋಣೆಯಲ್ಲಿ ಭೂತಗನ್ನಡಿ ಹೆಡ್‌ಫೋನ್ ಹಾಕಿಕೊಂಡು ಎದ್ದು ನಿಂತಿದ್ದ. ಅವನ ಕುರ್ಚಿ ಹಿಂದಕ್ಕೆ ಮಗುಚಿ ಬಿದ್ದಿತ್ತು. ಪಾಪದ ಮುದುಕರ ಮನೆಯ ಗೋಳನ್ನೂ ಬಿಡದೆ ಕೇಳುತ್ತಾನಲ್ಲ! ಅವಳ ಮೈಯೆಲ್ಲ ಉರಿಯಿತು. ಬೆರಳು ದೂರಿನ ಕಡೆ ಹೋಯಿತು.

ಆಗ ಗಾಜಿನಾಚೆ ಅವನ ತುಟಿ ಅಲುಗಿತು, ಅದೇ ಲೈನಿನಲ್ಲಿ ಮೂರನೆಯ ಧ್ವನಿಯೊಂದು ಕೇಳಿಸಿತು:

"ಅಪ್ಪಾ, ಕಾಲು ನೆಲಕ್ಕಿಡಬೇಡ. ಈಗಲೇ ಹೊರಟೆ."